ಒಮ್ಮೊಮ್ಮೆ ಮುನಿಯುವ ಕ್ಲಚ್ಚು

ಸದಾ ಇರುವ ಬೇನೆಗೆ ಮದ್ದು ಹುಡುಕುವುದು ಸುಲಭ. ಬಂದು ಹೋಗುವ ಬೇನೆಗೆ ಕಷ್ಟ. ರಾತ್ರಿಯೆಲ್ಲ ಗೋಳಾಡಿಸಿದ ಹಲ್ಲುನೋವು ವೈದ್ಯರ ಕುರ್ಚಿಯಲ್ಲಿ ಕುಳಿತೊಡನೆ ಮಾಯವಾಗುವುದನ್ನು ಯಾರು ತಾನೆ ಕಂಡಿಲ್ಲ? ಮೋಟಾರು ಗಾಡಿಗಳಿಗೂ ಇದೇ ಬುದ್ಧಿ. ಅದರಲ್ಲಿಯೂ ಗೇರನ್ನು ಕೈಯಿಂದ ಬದಲಿಸುವ ಗಾಡಿಗಳ ಕ್ಲಚ್ ಪೆಡಲಿಗೆ ಈ ಬುದ್ಧಿ ತುಸು ಹೆಚ್ಚೇ ಎನ್ನಬೇಕು. ಬೆಳಗ್ಗೆ ಹೂವಿನಂತೆ ಆಡಿದ ಪೆಡಲು ಸಂಜೆ ತುಳಿದಲ್ಲಿಯೇ ಕುಳಿತುಬಿಡುತ್ತದೆ. ಕಾಲ ಬೆರಳಿನಿಂದ ಮೇಲೆತ್ತಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಕೆಲಸ ಮಾಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಪರಮ ಸಾಧುವಾಗಿ ನಿಲ್ಲುತ್ತದೆ. ಮೆಕ್ಯಾನಿಕನು ನಮ್ಮ ಮುಖ ನೋಡುತ್ತಾನೆ, ನಾವು ಪೆಡಲಿನ ಮುಖ ನೋಡುತ್ತೇವೆ.

ಇಂತಹ ಪೆಡಲಿನ ರೋಗವನ್ನು ಗುರುತಿಸುವ ಬಗೆಯನ್ನು ಮನೆಮಂದಿಗೆಲ್ಲ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ. ಗಾಡಿಯನ್ನು ಸ್ವತಃ ಬಿಚ್ಚಿ ಜೋಡಿಸಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ರೋಗಿಯ ಮನೆಯವರು ಲಕ್ಷಣಗಳನ್ನು ಸರಿಯಾಗಿ ಹೇಳಬಲ್ಲವರಾದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಇಲ್ಲಿಯೂ ಅಷ್ಟೆ.

ರೈಲಿನ ಊರಿಗೆ ಬಂದ ಮೋಟಾರು

ನಮ್ಮ ಠಾಕುರ್ಲಿ ಮೊದಲಿನಿಂದಲೂ ರೈಲಿನ ಊರು. ರೈಲುಗಳಿಗೆ ವಿದ್ಯುತ್ತನ್ನು ಒದಗಿಸಲು ಹಿಂದಿನ ಜಿ.ಐ.ಪಿ. ರೈಲ್ವೆಯವರು ಕಟ್ಟಿದ ಪವರ್ ಹೌಸು ಇದ್ದದ್ದು ಇಲ್ಲಿಯೇ. ಆ ಪವರ್ ಹೌಸು ಕೆಲಸ ನಿಲ್ಲಿಸಿ ಎಷ್ಟೋ ಕಾಲವಾಯಿತು. ರೈಲು ಮಾತ್ರ ಇಂದಿಗೂ ನಮ್ಮ ಅನ್ನದ ದಾರಿ. ಹಾಗೆಂದು ಮೋಟಾರು ನಮ್ಮ ಸೀಮೆಗೆ ಅಪರಿಚಿತವಲ್ಲ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಪದ್ಮಿನಿ ಗಾಡಿಗಳು ಕುರ್ಲಾದಲ್ಲಿ ತಯಾರಾಗಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಹೆಸರಾದವು. ಅದೇ ಸಂಸ್ಥೆಯ ಕಲ್ಯಾಣದ ಕಡೆಯ ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ಫ್ರಾನ್ಸ್ ದೇಶದ ಪ್ಯೂಜೋ 309 ಗಾಡಿಯೂ ತಯಾರಾಗುತ್ತಿತ್ತು. ಪದ್ಮಿನಿ ಟ್ಯಾಕ್ಸಿಯ ಕೊನೆಯ ನೋಂದಣಿ ಆದದ್ದು 2003ರಲ್ಲಿ. ಟ್ಯಾಕ್ಸಿಗೆ ವಿಧಿಸಿದ ಇಪ್ಪತ್ತು ವರ್ಷಗಳ ಆಯುಸ್ಸು ತೀರಿ 2023ರ ಅಕ್ಟೋಬರ್ 30ರಂದು ಅದು ಮುಂಬಯಿಯ ಬೀದಿಯಿಂದ ವಿರಮಿಸಿತು. ಆ ಗಾಡಿಗಳ ಚಾಲಕರ ಎಡಗಾಲಿಗೆ ಇಂದಿನ ನಾವು ಮನಸ್ಸಿನಲ್ಲಿಯೇ ನಮಸ್ಕರಿಸಬೇಕು!

ಈಗ ನಮ್ಮ ಕಟ್ಟಡಗಳ ಅಂಗಳದಲ್ಲಿ ಗಾಡಿ ನಿಲ್ಲಿಸಲು ಜಾಗ ಸಾಲದು. ವಾರದ ದಿನಗಳಲ್ಲಿ ಲೋಕಲ್ ಹಿಡಿಯುವವರೂ ಭಾನುವಾರ ಗಾಡಿ ತೆಗೆಯುತ್ತಾರೆ. ವರ್ಷಕ್ಕೊಮ್ಮೆ ಊರಿಗೆ ಗಾಡಿಯಲ್ಲಿಯೇ ಹೊರಡುತ್ತಾರೆ. ಇಲ್ಲಿಯ ರಸ್ತೆಗಳು ಎಂಥವೆಂಬುದು ಎಲ್ಲರೂ ಬಲ್ಲ ಸಂಗತಿ. ಕಲ್ಯಾಣದ ಹಳೆಯ ಪತ್ರಿ ಪುಲ್ 2018ರ ನವೆಂಬರಿನಲ್ಲಿ ಇಳಿದು, ಹೊಸದು 2021ರ ಜನವರಿಯಲ್ಲಿ ತೆರೆಯುವವರೆಗೆ ನಾವು ಪಟ್ಟ ಪಾಡು ಮರೆಯುವಂಥದಲ್ಲ. ಶೀಲ್ ರಸ್ತೆಯ ಸಂಜೆಯ ಸಾಲಿನಲ್ಲಿ ಒಂದು ಗಂಟೆ ಕಳೆದವನು ಕ್ಲಚ್ಚನ್ನು ಎಷ್ಟು ನೂರು ಸಲ ತುಳಿದನೆಂದು ಲೆಕ್ಕವಿಡುವವರುಂಟೆ? ಬೆಂಗಳೂರಿನಿಂದ ಮೈಸೂರಿನವರೆಗಿನ ನೇರ ದಾರಿಯಲ್ಲಿ ಬೀಳದಷ್ಟು ತುಳಿತ ಇಲ್ಲಿ ನಾಲ್ಕು ಮೈಲಿಗೆ ಬೀಳುತ್ತದೆ. ಆದಕಾರಣ ಈ ವಿಷಯ ನಮಗೆ ಬೇರೆಯವರಿಗಿಂತ ಹೆಚ್ಚು ಸಂಬಂಧಪಟ್ಟದ್ದು.

ಒಳಗೆ ನಡೆಯುವುದೇನು?

ಎಂಜಿನು ಸದಾ ತಿರುಗುತ್ತಿರಬೇಕು. ಚಕ್ರಗಳು ಆಗಾಗ ನಿಲ್ಲಬೇಕು. ಈ ಎರಡಕ್ಕೂ ಸಂಬಂಧವನ್ನು ಬೇಕೆಂದಾಗ ಕೂಡಿಸಿ, ಬೇಡವೆಂದಾಗ ಬಿಡಿಸುವ ಸಾಧನವೇ ಕ್ಲಚ್ಚು. ಎಂಜಿನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಬೀಸುವ ಕಲ್ಲಿನ ಜೋಡಿಯಂತೆ ಮುಖ ಕೊಟ್ಟು ಪ್ರೆಶರ್ ಪ್ಲೇಟು ನಿಂತಿರುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟು. ಅದರ ನಡುಗುಣಿಯಲ್ಲಿ ಗೇರುಪೆಟ್ಟಿಗೆಗೆ ಹೋಗುವ ದಂಡ. ನೂರಾರು ಕಿಲೋ ಭಾರ ಹೇರಿದಂತೆ ಅದುಮುವ ಒಂದು ಸ್ಪ್ರಿಂಗು ಮೂರನ್ನೂ ಒಂದಾಗಿ ಹಿಡಿದಿರುತ್ತದೆ. ಈ ಸ್ಪ್ರಿಂಗು ಅರಳಿದ ಹೂವಿನ ಆಕಾರದ ಉಕ್ಕಿನ ಬಿಲ್ಲೆ. ಒಳಮುಖವಾಗಿ ಅದಕ್ಕೆ ಹಲವು ಬೆರಳುಗಳಿವೆ. ನಾವು ಪೆಡಲನ್ನು ತುಳಿದಾಗ ರಿಲೀಸ್ ಬೇರಿಂಗು ಆ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಸಡಿಲುತ್ತದೆ, ಎಂಜಿನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಕಾಲು ತೆಗೆದರೆ ಅದೇ ಸ್ಪ್ರಿಂಗು ಬೇರಿಂಗನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯೇ ಹಿಂತಿರುಗಿ ಬಂದು ಪೆಡಲನ್ನು ಮೇಲೆತ್ತುತ್ತದೆ.

ಕಾಲಿನ ಒತ್ತಡ ಅಲ್ಲಿಯವರೆಗೆ ತಲುಪಲು ಎರಡು ದಾರಿಗಳಿವೆ. ಒಂದು, ತಂತಿಯ ದಾರಿ. ಕೊಳವೆಯೊಳಗೆ ಜಾರುವ ಉಕ್ಕಿನ ಎಳೆಗಳ ಈ ತಂತಿಗೆ ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಪೇಟೆಂಟು ಪಡೆದ. ಸೈಕಲ್ಲಿನ ಬ್ರೇಕಿನಲ್ಲಿ ನಾವು ದಿನವೂ ಕಾಣುವುದು ಇದನ್ನೇ. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800, ಅನಂತರದ ಆಲ್ಟೋ ಮುಂತಾದ ಸಣ್ಣ ಗಾಡಿಗಳಲ್ಲಿ ತಂತಿಯೇ. ಇನ್ನೊಂದು, ದ್ರವದ ದಾರಿ. ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರು ದ್ರವವನ್ನು ಒತ್ತುತ್ತದೆ; ಕೊಳವೆಯ ಆಚೆ ತುದಿಯ ಸ್ಲೇವ್ ಸಿಲಿಂಡರು ಆ ಒತ್ತಡದಿಂದ ಚಲಿಸುತ್ತದೆ. ಮುಚ್ಚಿದ ದ್ರವದಲ್ಲಿ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುವುದೆಂದು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ಪಂಡಿತ ಕಂಡುಕೊಂಡ ತತ್ತ್ವವೇ ನಮ್ಮ ಕಾಲಿನ ಕೆಳಗೆ ದುಡಿಯುತ್ತಿದೆ. ಬಳಸುವ ದ್ರವ ಬ್ರೇಕಿನದೇ. ಹಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಡಬ್ಬಿಯೊಂದೇ.

ಇನ್ನೊಂದು ಸಣ್ಣ ವಸ್ತುವನ್ನು ಇಲ್ಲಿ ಪರಿಚಯ ಮಾಡಿಕೊಡಬೇಕು. ಕಾಲಿಗೆ ಭಾರ ಕಡಮೆಯಾಗಲೆಂದು ಅನೇಕ ಗಾಡಿಗಳ ಪೆಡಲಿಗೆ ಒಂದು ಸಹಾಯಕ ಸ್ಪ್ರಿಂಗು ಇಟ್ಟಿರುತ್ತಾರೆ. ಗೋಡೆಯ ದೀಪದ ಗುಂಡಿಯನ್ನು ನೋಡಿರಿ: ನಡುವಿನ ಒಂದು ಗಡಿಯವರೆಗೆ ಅದು ಮೇಲಕ್ಕೆ ಹಾರಲು ನೋಡುತ್ತದೆ, ಗಡಿ ದಾಟಿದೊಡನೆ ಕೆಳಕ್ಕೆ ಹಾರುತ್ತದೆ. ಈ ಸ್ಪ್ರಿಂಗಿನ ಸ್ವಭಾವವೂ ಹಾಗೆಯೇ. ಪೆಡಲು ಮೇಲಿದ್ದಾಗ ಮೇಲಕ್ಕೆ ಎಳೆಯುತ್ತದೆ, ಕೆಳಗಿದ್ದಾಗ ಕೆಳಕ್ಕೆ ಎಳೆಯುತ್ತದೆ. ಆಚೆಯಿಂದ ಹಿಂತಿರುಗುವ ಒತ್ತಡ ಸರಿಯಾಗಿದ್ದರೆ ಈ ಎಳೆತವನ್ನು ಮೀರಿ ಪೆಡಲು ಏಳುತ್ತದೆ. ಒತ್ತಡ ಕುಂದಿದರೆ ಸ್ಪ್ರಿಂಗೇ ಪೆಡಲನ್ನು ನೆಲಕ್ಕೆ ಹಿಡಿದುಬಿಡುತ್ತದೆ. ನಾವು ‘ಪೆಡಲು ಅಂಟಿತು’ ಎನ್ನುತ್ತೇವೆ. ನಿಜವಾಗಿ ಅಲ್ಲಿ ಅಂಟಿದ್ದೇನೂ ಇಲ್ಲ. ಎತ್ತುವ ಕೈ ಸೋತಿದೆ, ಅಷ್ಟೆ. ಈ ವ್ಯತ್ಯಾಸ ತಿಳಿಯದೆ ಪೆಡಲಿನ ಕೀಲಿಗೆ ಎಣ್ಣೆಯ ಮೇಲೆ ಎಣ್ಣೆ ಸುರಿದವರುಂಟು.

ಮೊದಲು ದೂರನ್ನು ಸರಿಯಾಗಿ ಹೇಳಬೇಕು

‘ಕ್ಲಚ್ಚು ಸರಿಯಿಲ್ಲ’ ಎನ್ನುವುದು ‘ಮೈ ಸರಿಯಿಲ್ಲ’ ಎಂದಂತೆ. ಅದರಿಂದ ಏನೂ ತಿಳಿಯದು. ದೂರುಗಳನ್ನು ಹೀಗೆ ಬೇರ್ಪಡಿಸಬಹುದು:

ಪೆಡಲು ಕೆಳಗೇ ಉಳಿಯುತ್ತದೆ, ಬೆರಳಿನಿಂದ ಎತ್ತಿದರೆ ಹಗುರವಾಗಿ ಬರುತ್ತದೆ: ಹಿಂತಿರುಗುವ ಒತ್ತಡ ಸಾಲದಾಗಿದೆ. ದ್ರವದ ದಾರಿಯ ಮೇಲೆ ಸಂಶಯ.

ಪೆಡಲು ನಡುವೆ ಎಲ್ಲೋ ತಡೆದು, ಕರಕರ ಎಂದು, ಆಮೇಲೆ ಜಿಗಿಯುತ್ತದೆ: ಎಲ್ಲಿಯೋ ಉಜ್ಜಾಟವಿದೆ. ಪೆಡಲಿನ ಕೀಲು, ತಂತಿ, ಇಲ್ಲವೆ ಬೇರಿಂಗು ಜಾರುವ ಕೊಳವೆಯ ಮೇಲೆ ಸಂಶಯ.

ಪೆಡಲು ದಿನದಿಂದ ದಿನಕ್ಕೆ ಗಡುಸಾಗುತ್ತದೆ: ತಂತಿಯ ಎಳೆಗಳು ಹರಿಯುತ್ತಿರಬಹುದು, ಇಲ್ಲವೆ ಕ್ಲಚ್ ಸೆಟ್ಟೇ ಸವೆದಿರಬಹುದು.

ಪೆಡಲು ಸರಿಯಾಗಿ ಏಳುತ್ತದೆ, ಆದರೆ ಗಾಡಿ ಎಳೆಯುವುದಕ್ಕೆ ತಡಮಾಡುತ್ತದೆ: ದ್ರವದ ರಬ್ಬರು ಹೋಸು ಒಳಗೇ ಉಬ್ಬಿ, ಹೋದ ದ್ರವವನ್ನು ಹಿಂದಕ್ಕೆ ಬಿಡುತ್ತಿಲ್ಲದಿರಬಹುದು. ಎಂಜಿನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಸವೆದು ಜಾರುತ್ತಿರಬಹುದು.

ಪೆಡಲಿನ ಚಲನೆ ಸರಿಯಿದೆ, ಆದರೆ ರಿವರ್ಸ್ ಗೇರು ಹಾಕುವಾಗ ಹಲ್ಲು ಕಡಿಯುತ್ತದೆ: ಪ್ಲೇಟು ಪೂರ್ತಿ ಬಿಡುತ್ತಿಲ್ಲ. ಮಳೆಗಾಲದಲ್ಲಿ ಒಂದೂವರೆ ತಿಂಗಳು ಕದಲದೆ ನಿಂತ ಗಾಡಿಯಲ್ಲಿ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಹತ್ತಿಕೊಳ್ಳುವುದೂ ಉಂಟು.

ಐದೂ ಬೇರೆ ಬೇರೆ ರೋಗಗಳು. ಐದಕ್ಕೂ ‘ಕ್ಲಚ್ ಪ್ಲೇಟು ಬದಲಿಸಿ’ ಎಂಬ ಒಂದೇ ಮದ್ದು ಬರೆಯುವವರ ಬಗ್ಗೆ ಎಚ್ಚರವಿರಲಿ.

ಮೂರು ವಾರದ ದಿನಚರಿ

ಬಂದು ಹೋಗುವ ರೋಗವನ್ನು ಹಿಡಿಯಲು ಇರುವ ದೊಡ್ಡ ಉಪಕರಣ ಒಂದು ಪುಸ್ತಕ, ಒಂದು ಪೆನ್ಸಿಲು. ನಮ್ಮ ಕಟ್ಟಡದ ಒಂದು ಸಂಸಾರದ ಗಾಡಿಯ ಕಥೆಯನ್ನು ಇಲ್ಲಿ ಹೇಳಿದರೆ ವಿಷಯ ಸ್ಪಷ್ಟವಾದೀತು. ಆ ಗಾಡಿಗೆ ಒಂಬತ್ತು ವರ್ಷ, ದ್ರವದ ಕ್ಲಚ್ಚು. ಹೋಳಿ ಹಬ್ಬದ ಹೊತ್ತಿಗೆ ಪೆಡಲು ಆಗಾಗ ಕೆಳಗೇ ಉಳಿಯತೊಡಗಿತು. ಅದಕ್ಕೆ ಎರಡು ತಿಂಗಳ ಹಿಂದೆಯೇ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಹೊಸದಾಗಿ ಹಾಕಿಸಿದ್ದರು. ಮತ್ತೆ ಅದನ್ನೇ ಬಿಚ್ಚಬೇಕೆಂದು ಒಂದು ಗ್ಯಾರೇಜು ಹೇಳಿತು. ಇನ್ನೊಂದು, ‘ಏನೂ ಆಗಿಲ್ಲ, ಓಡಿಸಿ’ ಎಂದಿತು.

ವೈಶಾಖದಲ್ಲಿ ಕುಂದಾಪುರದ ಕಡೆಯ ಊರಮನೆಯಲ್ಲಿ ಅಜ್ಜಿಗೆ ಎಂಬತ್ತರ ಶಾಂತಿ. ಗಾಡಿಯಲ್ಲಿಯೇ ಹೋಗುವುದೆಂದು ಯಜಮಾನರ ಹಟ. ದಾರಿಯಲ್ಲಿ ಕಶೇಡಿ ಘಾಟಿ, ಪರಶುರಾಮ ಘಾಟಿ. ‘ಈ ಪೆಡಲನ್ನು ನಂಬಿ ಮಕ್ಕಳನ್ನು ಘಾಟಿ ಹತ್ತಿಸುವುದಾದರೆ ನಾನು ರೈಲಿನಲ್ಲಿ ಬರುತ್ತೇನೆ’ ಎಂದು ಮನೆಯಾಕೆ ಖಂಡಿತವಾಗಿ ಹೇಳಿಬಿಟ್ಟರು. ಆಗ ಹನ್ನೊಂದನೆಯ ತರಗತಿಯ ಮಗಳು, ‘ಅಪ್ಪಾ, ಅದು ಯಾವಾಗ ಯಾವಾಗ ಹೀಗೆ ಮಾಡುತ್ತದೆಂದು ಬರೆದಿಡೋಣ’ ಎಂದಳು. ಸಂಜೆಗಳಲ್ಲಿ ನಾವೂ ಆ ಪುಸ್ತಕವನ್ನು ಇಣುಕಿ ನೋಡುವವರಾದೆವು.

ಅವಳು ಹಾಕಿದ ಗೆರೆಗಳು ಆರು: ದಿನ ಮತ್ತು ಹೊತ್ತು, ಗಾಡಿ ಎಷ್ಟು ಹೊತ್ತಿನಿಂದ ಓಡುತ್ತಿತ್ತು, ರಸ್ತೆ ಖಾಲಿಯೋ ಸಾಲೋ, ಪೆಡಲು ಎಲ್ಲಿ ನಿಂತಿತು, ಎತ್ತಲು ಏನು ಮಾಡಬೇಕಾಯಿತು, ಡಬ್ಬಿಯಲ್ಲಿ ದ್ರವದ ಮಟ್ಟವೆಷ್ಟು. ಮೂರು ವಾರಗಳಲ್ಲಿ ಹನ್ನೊಂದು ಸಲ ಪೆಡಲು ಮುನಿದಿತ್ತು. ಹತ್ತು ಸಲ ಶೀಲ್ ರಸ್ತೆಯ ಸಂಜೆಯ ಸಾಲಿನಲ್ಲಿ, ಅರ್ಧ ಗಂಟೆ ಕಳೆದ ಮೇಲೆ. ಒಂದು ಸಲ ಬಿಸಿಲು ಮಧ್ಯಾಹ್ನ ಮುರಬಾಡಿನಿಂದ ಬರುವಾಗ. ಬೆಳಗಿನ ಹೊತ್ತು ಒಮ್ಮೆಯೂ ಇಲ್ಲ. ಮೂರು ನಾಲ್ಕು ಸಲ ಬೇಗ ಬೇಗ ತುಳಿದರೆ ಪೆಡಲಿಗೆ ಜೀವ ಬರುತ್ತಿತ್ತು. ಒಂದು ಗಂಟೆ ನಿಲ್ಲಿಸಿದರೆ ರೋಗವೇ ಇಲ್ಲ. ದ್ರವದ ಮಟ್ಟ ಮೂರು ವಾರದಲ್ಲಿ ಕೂದಲೆಳೆಯಷ್ಟು ಇಳಿದಿತ್ತು.

ಇನ್ನು ತರ್ಕ. ಕಾಲಡಿಯ ಚಾಪೆ ಸಿಕ್ಕುತ್ತಿದ್ದರೆ ಅದಕ್ಕೆ ಬೆಳಗೇನು, ಸಂಜೆಯೇನು? ಕೀಲಿನ ತುಕ್ಕಾದರೆ ತಣ್ಣಗಿರುವ ಬೆಳಗಿನ ಹೊತ್ತೂ ಕಾಡಬೇಕಾಗಿತ್ತು. ತಂತಿ ಈ ಗಾಡಿಯಲ್ಲಿ ಇಲ್ಲವೇ ಇಲ್ಲ. ಗೇರುಪೆಟ್ಟಿಗೆಯ ಕಡೆಯ ಸಾಮಾನೆಲ್ಲ ಹೊಸದು. ಮೇಲಾಗಿ ಅಲ್ಲಿಯ ದೋಷ ಬೇಗ ಬೇಗ ತುಳಿದ ಮಾತ್ರಕ್ಕೆ ಮಾಯವಾಗದು. ಬಿಸಿಯಾದಾಗ ಬರುವುದು, ತಣಿದಾಗ ಹೋಗುವುದು, ತುಳಿದು ತುಳಿದು ಒತ್ತಡ ತುಂಬಿದರೆ ಸರಿಯಾಗುವುದು – ಈ ಮೂರೂ ಬೆರಳುಗಳು ತೋರಿಸಿದ್ದು ದ್ರವದ ದಾರಿಯನ್ನೇ.

ದ್ರವವನ್ನು ಹೊರತೆಗೆದಾಗ ಅದು ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಹೊಸ ದ್ರವ ತುಂಬಿ ಗಾಳಿ ತೆಗೆಸಿದರು. ಎಂಟು ದಿನ ಪೆಡಲು ಸುಮ್ಮನಿತ್ತು. ಒಂಬತ್ತನೆಯ ದಿನ ಒಮ್ಮೆ ಮುನಿಯಿತು. ರೋಗ ಕಡಮೆಯಾಯಿತು, ಹೋಗಲಿಲ್ಲ ಎಂದಾಯಿತು. ಕೂದಲೆಳೆಯಷ್ಟು ಇಳಿದ ಮಟ್ಟ ಆಗ ನೆನಪಿಗೆ ಬಂತು. ಸ್ಲೇವ್ ಸಿಲಿಂಡರಿನ ರಬ್ಬರು ಟೊಪ್ಪಿಗೆಯನ್ನು ಸರಿಸಿ ನೋಡಿದರೆ ಒಳಗೆ ತೇವ. ಒಳಗಿನ ಸೀಲು ಬಿಸಿಗೆ ಸೋತು, ಒತ್ತಡವನ್ನು ಹಿಡಿಯಲಾರದೆ ಹನಿ ಹನಿಯಾಗಿ ಸೋರುತ್ತಿತ್ತು. ಕ್ಲಚ್ ಸೆಟ್ಟು ಹಾಕಿದವರು ಒಂಬತ್ತು ವರ್ಷದ ಆ ಸಿಲಿಂಡರನ್ನು ಹಾಗೆಯೇ ಬಿಟ್ಟಿದ್ದರು. ಅದನ್ನು ಬದಲಿಸಿದ ಮೇಲೆ ಮೂರು ವಾರ ದಿನಚರಿಯ ಪುಟಗಳು ಖಾಲಿ. ಮನೆಯಾಕೆ ಪುಟಗಳನ್ನು ತಾವೇ ತಿರುವಿ ನೋಡಿ, ‘ಸರಿ, ಗಾಡಿಯಲ್ಲಿಯೇ ಹೋಗೋಣ’ ಎಂದರಂತೆ.

ಅಗ್ಗದಿಂದ ದುಬಾರಿಗೆ

ಪರೀಕ್ಷೆಯ ಕ್ರಮ ಸದಾ ಸುಲಭದಿಂದ ಕಠಿನಕ್ಕೆ, ಅಗ್ಗದಿಂದ ದುಬಾರಿಗೆ ಹೋಗಬೇಕು. ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನು ಆರಿಸಿ, ಹ್ಯಾಂಡ್ ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು.

ಒಂದನೆಯದು, ಕಾಲಡಿಯ ಚಾಪೆ. ನಗಬೇಡಿರಿ! ಅಮೆರಿಕದ ಸ್ಯಾನ್ ಡಿಯಾಗೋ ಬಳಿ 2009ರ ಆಗಸ್ಟಿನಲ್ಲಿ ಬೇರೆ ಮಾದರಿಯ ಗಾಡಿಯ ಚಾಪೆ ಹಾಕಿದ್ದರಿಂದ ವೇಗದ ಪೆಡಲು ಸಿಕ್ಕಿಹಾಕಿಕೊಂಡು ಒಂದೇ ಗಾಡಿಯಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ಆ ಬಳಿಕ ಟೊಯೋಟಾ ಸಂಸ್ಥೆ ಚಾಪೆಯ ಕಾರಣಕ್ಕಾಗಿಯೇ ಆ ದೇಶದಲ್ಲಿ ಸುಮಾರು 38 ಲಕ್ಷ ಗಾಡಿಗಳನ್ನು ತಪಾಸಣೆಗೆ ಕರೆಯಬೇಕಾಯಿತು. ಮಳೆಗಾಲದಲ್ಲಿ ನಾವು ಚಾಪೆಯ ಮೇಲೆ ಚಾಪೆ, ಅದರ ಮೇಲೆ ಹಳೆಯ ಪತ್ರಿಕೆ ಹಾಸುತ್ತೇವೆ. ಸೀಟಿನಡಿ ನೀರಿನ ಬಾಟಲಿ ಉರುಳುತ್ತಿರುತ್ತದೆ. ಎಲ್ಲವನ್ನೂ ತೆಗೆದು ಒಂದು ವಾರ ಓಡಿಸಿ ನೋಡುವುದಕ್ಕೆ ಕಾಸಿನ ಖರ್ಚಿಲ್ಲ.

ಎರಡನೆಯದು, ಪೆಡಲಿನ ಕೀಲು ಮತ್ತು ಸಹಾಯಕ ಸ್ಪ್ರಿಂಗು. ಪೆಡಲನ್ನು ಕೈಯಿಂದ ನಿಧಾನವಾಗಿ ಒತ್ತಿ ಬಿಡಿರಿ. ಪಕ್ಕಕ್ಕೆ ಅಲುಗಾಡುತ್ತದೆಯೆ? ಕಿರುಗುಟ್ಟುತ್ತದೆಯೆ? ಖಾಡಿಯ ತೇವದ ಗಾಳಿ, ಒದ್ದೆ ಪಾದರಕ್ಷೆಯ ನೀರು – ಇವು ಕೀಲಿನ ಬುಶ್ಶನ್ನು ತಿನ್ನುತ್ತವೆ. ಟಾರ್ಚು ಹಿಡಿದರೆ ಸ್ಪ್ರಿಂಗಿನ ಕೊಕ್ಕೆ ಜಾಗ ತಪ್ಪಿದ್ದರೂ ಕಾಣುತ್ತದೆ. ಅಲ್ಲಿಯೇ ಮೇಲುಗಡೆ, ಮಾಸ್ಟರ್ ಸಿಲಿಂಡರಿನ ದಂಡ ಒಳಹೋಗುವಲ್ಲಿ ಒದ್ದೆಯಿದ್ದರೆ ಆ ಸಿಲಿಂಡರು ಸೋರುತ್ತಿದೆಯೆಂದು ಅರ್ಥ.

ಮೂರನೆಯದು, ತಂತಿಯ ಗಾಡಿಯಾದರೆ ತಂತಿ. ಬಾನೆಟ್ಟು ತೆರೆದು ತಂತಿಯ ಎರಡೂ ತುದಿಗಳನ್ನು ನೋಡಬೇಕು. ಒಂದೆರಡು ಎಳೆ ಬಿಡಿಸಿಕೊಂಡು ಮುಳ್ಳಿನಂತೆ ನಿಂತಿದ್ದರೆ ಆ ಮುಳ್ಳು ಕೊಳವೆಯ ಬಾಯಿಗೆ ಒಮ್ಮೆ ಸಿಕ್ಕುತ್ತದೆ, ಒಮ್ಮೆ ಜಾರುತ್ತದೆ. ‘ಒಮ್ಮೊಮ್ಮೆ’ ಎಂಬುದರ ಗುಟ್ಟು ಅಲ್ಲಿದೆ. ಅಂತಹ ತಂತಿಗೆ ಎಣ್ಣೆ ಮದ್ದಲ್ಲ. ಅದು ಇಂದೋ ನಾಳೆಯೋ ಹರಿಯುವುದು ನಿಶ್ಚಯ; ಹೊಸದನ್ನು ಹಾಕಿಸಬೇಕು. ಪೆಡಲಿನ ಸಡಿಲವನ್ನೂ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಸರಿಪಡಿಸಿಕೊಳ್ಳಬೇಕು.

ನಾಲ್ಕನೆಯದು, ದ್ರವ. ಇದು ಗಾಳಿಯ ತೇವವನ್ನು ಹೀರುವ ವಸ್ತು, ತೆರೆದಿಟ್ಟ ಉಪ್ಪಿನಂತೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕೆಗಳು 230 ಮತ್ತು 155. ಸಾಲಿನಲ್ಲಿ ನಿಂತ ಗಾಡಿಯ ಎಂಜಿನಿನ ಶಾಖಕ್ಕೆ ಒದ್ದೆ ದ್ರವದಲ್ಲಿ ಆವಿಯ ಗುಳ್ಳೆ ಎದ್ದರೆ ಕಾಲಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಅದುಮುವುದರಲ್ಲಿಯೇ ಮುಗಿಯುತ್ತದೆ. ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಲು ಹೇಳುತ್ತಾರೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಇದನ್ನು ಮರೆಯಬಾರದು. ತೆರೆದು ಅರ್ಧ ಉಳಿದ ಹಳೆಯ ಬಾಟಲಿಯನ್ನು ಬಳಸಬಾರದು. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಬೇಕು. ಎಂಜಿನ್ ಎಣ್ಣೆಯನ್ನಂತೂ ಒಂದು ತೊಟ್ಟೂ ಹಾಕಬಾರದು. ಒಳಗಿನ ರಬ್ಬರು ಸೀಲುಗಳೆಲ್ಲ ಊದಿಕೊಂಡು ಬ್ರೇಕಿಗೂ ಕೇಡು. ದ್ರವ ವಿಷವಾದ್ದರಿಂದ ಮಕ್ಕಳ ಕೈಗೆ ಸಿಗದಂತಿರಲಿ. ಬಣ್ಣದ ಮೇಲೆ ಬಿದ್ದರೆ ಕೂಡಲೆ ನೀರಿನಿಂದ ತೊಳೆಯಿರಿ.

ಇಲ್ಲಿ ಒಂದು ಮಾತು ಮುಖ್ಯ. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿರುವ ಗಾಡಿಗಳಲ್ಲಿ ಕ್ಲಚ್ಚಿನ ಕೊಳವೆಯನ್ನು ತುಸು ಮೇಲ್ಗಡೆ ಇಟ್ಟಿರುತ್ತಾರೆ. ದ್ರವ ಇಳಿದಾಗ ಮೊದಲು ಕ್ಲಚ್ಚು ಕೆಡಲಿ, ಬ್ರೇಕು ಉಳಿಯಲಿ ಎಂದು. ಆದುದರಿಂದ ದ್ರವ ಇಳಿದು ಕ್ಲಚ್ಚು ಮುನಿದಿದ್ದರೆ ಅದು ಬ್ರೇಕಿನ ಪರವಾಗಿ ಕೂಗುತ್ತಿರುವ ಕಾವಲುಗಾರ. ಡಬ್ಬಿ ತುಂಬಿಸಿ ಸುಮ್ಮನಾಗುವುದು ಆ ಕಾವಲುಗಾರನ ಬಾಯಿ ಮುಚ್ಚಿದಂತೆ. ಸೋರುವುದೆಲ್ಲಿ ಎಂದು ಹುಡುಕಲೇಬೇಕು.

ಐದನೆಯದು, ಸ್ಲೇವ್ ಸಿಲಿಂಡರು. ಹೊರಗಡೆ ಇರುವ ಗಾಡಿಯಾದರೆ ಒಬ್ಬರು ಪೆಡಲು ತುಳಿಯಬೇಕು, ಮೆಕ್ಯಾನಿಕನು ಅದರ ದಂಡ ಎಷ್ಟು ಮುಂದೆ ಹೋಗುತ್ತದೆ, ಹೇಗೆ ಹಿಂದೆ ಬರುತ್ತದೆ ಎಂದು ನೋಡಬೇಕು. ಗಾಡಿ ತಣ್ಣಗಿದ್ದಾಗ ಒಮ್ಮೆ, ಸಾಲಿನಿಂದ ಬಂದು ಬಿಸಿಯಾಗಿದ್ದಾಗ ಒಮ್ಮೆ ಅಳೆದರೆ ವ್ಯತ್ಯಾಸ ತಾನೇ ಹೇಳುತ್ತದೆ. ದಂಡ ಮುಂದೆ ಹೋಗಿ ಅಲ್ಲಿಯೇ ನಿಂತರೆ ಗಾಳಿ ತೆಗೆಯುವ ತಿರುಪನ್ನು ಸಡಿಲಿಸಲಿ. ದ್ರವ ಚಿಮ್ಮಿ ದಂಡ ಹಿಂದೆ ಸರಿದರೆ ತಡೆ ಮೇಲ್ಗಡೆಯ ಹೋಸಿನಲ್ಲಿ ಅಥವಾ ಮಾಸ್ಟರ್ ಸಿಲಿಂಡರಿನಲ್ಲಿದೆ. ಸರಿಯದಿದ್ದರೆ ದೋಷ ಆಚೆ ಕಡೆಯದು.

ಇಷ್ಟೂ ನಿರ್ದೋಷವೆಂದು ಕಂಡ ಮೇಲೆಯೇ ಆರನೆಯದು: ಗೇರುಪೆಟ್ಟಿಗೆಯನ್ನು ಇಳಿಸುವುದು. ಬೇರಿಂಗು ಜಾರುವ ಕೊಳವೆ ಒಣಗಿರಬಹುದು, ಕವಲು ಸವೆದಿರಬಹುದು, ಹೂವಿನ ಸ್ಪ್ರಿಂಗಿನ ಬೆರಳು ಮುರಿದಿರಬಹುದು. ಎಂಜಿನು ಬಹಳ ವೇಗವಾಗಿ ತಿರುಗುವಾಗ ಮಾತ್ರ ಪೆಡಲು ಅಂಟುತ್ತದೆ ಎಂದಾದರೆ ಈ ಕಡೆಯ ಸಂಶಯವೂ ಬಲವಾಗುತ್ತದೆ. ಇಳಿಸಿದ ಮೇಲೆ ಕೈಗೆ ಸಿಗುವ ಹಳೆಯ ಸಾಮಾನನ್ನೆಲ್ಲ ಒಮ್ಮೆಗೇ ಬದಲಿಸುವುದು ಜಾಣತನ. ಏಕೆಂದರೆ ಇಲ್ಲಿ ಸಾಮಾನಿಗಿಂತ ಬಿಚ್ಚುವ ಕೂಲಿಯೇ ಭಾರ. ಒಂದು ಬಾಟಲಿ ದ್ರವದ ಬೆಲೆಗೂ ಇಡೀ ಕ್ಲಚ್ ಸೆಟ್ಟಿನ ಖರ್ಚಿಗೂ ಅಜಗಜಾಂತರ. ಆನೆಯನ್ನು ಕೊಳ್ಳುವ ಮುನ್ನ ಆಡನ್ನು ಪರೀಕ್ಷಿಸುವುದರಿಂದ ನಷ್ಟವೇನು?

ರಸ್ತೆಯ ನಡುವೆ ಕೈಕೊಟ್ಟರೆ

ಗಾಡಿ ಓಡುತ್ತಿರುವಾಗ ಪೆಡಲು ಕೆಳಗೇ ಉಳಿದರೆ ಗಾಬರಿಯಾಗಬಾರದು. ಎಂಜಿನಿಗೂ ಚಕ್ರಕ್ಕೂ ಸಂಬಂಧ ತಪ್ಪಿದೆ. ಬ್ರೇಕೂ ಸ್ಟಿಯರಿಂಗೂ ನಮ್ಮ ಕೈಯಲ್ಲಿಯೇ ಇವೆ. ವೇಗದ ಪೆಡಲಿನಿಂದ ಕಾಲು ತೆಗೆದು, ಎಚ್ಚರಿಕೆಯ ದೀಪ ಹಾಕಿ, ಎಡಕ್ಕೆ ಸರಿದು ನಿಲ್ಲಬೇಕು. ನಿಂತು, ಗೇರನ್ನು ನ್ಯೂಟ್ರಲಿಗೆ ತಂದ ಮೇಲೆಯೇ ಪೆಡಲನ್ನು ಎತ್ತಬೇಕು. ಓಡುವಾಗ ಬಗ್ಗಿ ಕೈಯಿಂದ ಎತ್ತುವ ಸಾಹಸ ಪ್ರಾಣಕ್ಕೆ ಎರವು. ಎಂಜಿನನ್ನೂ ನಡುದಾರಿಯಲ್ಲಿ ಆರಿಸಬಾರದು. ಆರಿಸಿದರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ಯಂತ್ರದ ನೆರವು ತಪ್ಪಿ ಅವು ಗಡುಸಾಗುತ್ತವೆ.

ಘಾಟಿಯ ಇಳಿಜಾರಿನಲ್ಲಿ ಇದೇ ದೋಷಕ್ಕೆ ಬೇರೆಯೇ ಮುಖ. ಕೆಳಗೇರಿನಲ್ಲಿ ಎಂಜಿನು ಗಾಡಿಯನ್ನು ಹಿಡಿದಿಡುವುದರಿಂದ ಬ್ರೇಕಿನ ಭಾರ ಕಡಮೆಯಾಗುತ್ತದೆ. ಪೆಡಲು ಕೆಳಗುಳಿದರೆ ಆ ಹಿಡಿತವೇ ಇಲ್ಲ. ಇಡೀ ಸಂಸಾರದ, ಸಾಮಾನಿನ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದು ಸೋಲಬಹುದು. ಆಗುಂಬೆಯ ತಿರುವಾಗಲಿ, ಖಂಬಾಟ್ಕಿಯಾಗಲಿ, ಮಾಳ್ಶೇಜ್ ಆಗಲಿ – ಒಮ್ಮೆ ಮುನಿದ ಪೆಡಲನ್ನು ಕಾರಣ ತಿಳಿಯದೆ ಅಲ್ಲಿಗೆ ಒಯ್ಯಬಾರದು. ‘ಈಗ ಸರಿಯಾಗಿದೆಯಲ್ಲ’ ಎಂಬ ಮಾತು ಬಂದು ಹೋಗುವ ರೋಗಕ್ಕೆ ಅನ್ವಯಿಸದು.

ರೈಲ್ವೆ ಗೇಟಿನ ಹಳಿಯ ಮೇಲೆ ಗಾಡಿ ನಿಂತುಬಿಟ್ಟರೆ ಪೆಡಲಿನ ಪರೀಕ್ಷೆಗೆ ಅದು ಹೊತ್ತಲ್ಲ. ಮೊದಲು ಎಲ್ಲರೂ ಇಳಿದು ಹಳಿಯಿಂದ ದೂರ ಹೋಗಬೇಕು. ಗೇಟಿನವರಿಗೆ ಕೂಡಲೆ ತಿಳಿಸಬೇಕು. ಗಾಡಿ ಮತ್ತೆ ಸಿಗುತ್ತದೆ.

ದಿನನಿತ್ಯದ ಚಾಲನೆಯಲ್ಲಿ ಎರಡು ಅಭ್ಯಾಸಗಳು ಈ ರೋಗವನ್ನು ದೂರವಿಡುತ್ತವೆ. ಸಾಲಿನಲ್ಲಿ ನಿಂತಾಗ ಗೇರನ್ನು ನ್ಯೂಟ್ರಲಿಗೆ ತಂದು ಕ್ಲಚ್ಚಿನಿಂದ ಕಾಲು ತೆಗೆಯುವುದು ಒಂದು. ಏರಿನಲ್ಲಿ ಹ್ಯಾಂಡ್ ಬ್ರೇಕಿನಿಂದ ಗಾಡಿಯನ್ನು ನಿಲ್ಲಿಸಿಕೊಳ್ಳುವುದು ಇನ್ನೊಂದು. ‘ಹಾಫ್ ಕ್ಲಚ್ಚಿ’ನಲ್ಲಿ ಗಾಡಿಯನ್ನು ತೂಗಿಸಿ ಹಿಡಿಯುವುದು ಕೌಶಲವೆಂದು ಕೆಲವರ ಭಾವನೆ, ಆ ಕೌಶಲಕ್ಕೆ ತೆರಬೇಕಾದ ದಂಡವನ್ನು ಕ್ಲಚ್ ಪ್ಲೇಟು ಕೂಡಿಡುತ್ತಿರುತ್ತದೆ.

ಇನ್ನು ಗ್ಯಾರೇಜಿನಲ್ಲಿ ಆಡಬೇಕಾದ ಮಾತು. ‘ಕ್ಲಚ್ಚು ನೋಡಿ’ ಎಂದು ಬೀಗದಕೈ ಕೊಟ್ಟು ಬರಬೇಡಿರಿ. ‘ಅರ್ಧ ಗಂಟೆ ಸಾಲಿನಲ್ಲಿ ಓಡಿಸಿದ ಮೇಲೆ ಪೆಡಲು ಕೆಳಗುಳಿಯುತ್ತದೆ, ಮೂರು ಸಲ ತುಳಿದರೆ ಏಳುತ್ತದೆ, ದ್ರವ ಇಷ್ಟು ಇಳಿದಿದೆ’ ಎಂದು ಹೇಳಿರಿ. ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ರೋಗ ಬರುವ ಹೊತ್ತಿಗೆ ರೋಗ ಬರುವ ರಸ್ತೆಯಲ್ಲಿ ಗಾಡಿ ಓಡಿಸಿರಿ. ತೆಗೆದ ಹಳೆಯ ಸಾಮಾನನ್ನು ತೋರಿಸಲು ಕೇಳಿರಿ. ಅದು ಅಪನಂಬಿಕೆಯಲ್ಲ, ತಿಳಿವಳಿಕೆ. ಒಳ್ಳೆಯ ಮೆಕ್ಯಾನಿಕನಿಗೆ ಇಂತಹ ಗಿರಾಕಿಯನ್ನು ಕಂಡರೆ ಸಂತೋಷವೇ ಆಗುತ್ತದೆ.

ಯಂತ್ರಗಳಿಗೆ ಮನಸ್ಸಿಲ್ಲ, ಅವು ಕಾರಣವಿಲ್ಲದೆ ಮುನಿಯುವುದಿಲ್ಲ. ನಮಗೆ ಕಾಣದ ಕಾರಣಕ್ಕೆ ನಾವು ‘ಒಮ್ಮೊಮ್ಮೆ’ ಎಂದು ಹೆಸರಿಡುತ್ತೇವೆ. ಬೇಸಗೆಯ ರಜೆಗೆ ಊರಿಗೆ ಹೊರಡುವ ನಮ್ಮ ಬಂಧುಗಳು ಹೊರಡುವ ಒಂದು ತಿಂಗಳ ಮುಂಚೆಯೇ ಬಾನೆಟ್ಟು ತೆರೆದು ಆ ಸಣ್ಣ ಡಬ್ಬಿಯ ಕಡೆ ಒಮ್ಮೆ ಕಣ್ಣು ಹಾಯಿಸಲಿ. ಪೆನ್ಸಿಲೂ ಪುಸ್ತಕವೂ ಮನೆಯಲ್ಲಿ ಇದ್ದೇ ಇರುತ್ತವೆ.